ಬೋರಲು ಹಾಕಿದ ಕಪ್‌ಗಳು

ಎದ್ದು ಹಾಲು ಕಾಯಿಸಿದೆ. ದೋಸೆ ಹಿಟ್ಟು ಈ ಚಳಿಗೆ ಉಬ್ಬಿರಲಿಲ್ಲ, ಅದನ್ನು ಓವನ್ನಿನೊಳಗೆ ಬರೀ ದೀಪ ಹಚ್ಚಿ ಇಟ್ಟೆ. ಯಜಮಾನರ ಡಬ್ಬಿಗೆ ಚಪಾತಿ, ಬೀನ್ಸ್ ಪಲ್ಯ ಹಾಕಿಕೊಟ್ಟೆ. ಬಟ್ಟೆ ಒಗೆಯುವ ಕೋಣೆಯ ಸರದಿ ಅವತ್ತು ನಮ್ಮದು. ನೆಲಮಾಳಿಗೆಗೆ ಇಳಿದು ಮೆಷಿನ್‌ಗೆ ಬೆಡ್‌ಶೀಟು ತುಂಬಿ ಬಂದೆ. ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೋಗಿ, ಗುರುವಾರವಾದ್ದರಿಂದ ಇಲ್ಲಿನ ರೂಢಿಯ ಬಟಾಣಿ ಸೂಪಿನ ದೊಡ್ಡ ಪಾತ್ರೆಗಳನ್ನು ಉಜ್ಜಿ, ಮಧ್ಯಾಹ್ನ ವಾಪಸ್ಸಾದೆ. ಒಣಗಿದ ಬೆಡ್‌ಶೀಟು ಮಡಚಿದೆ. ಕೇಸರಿಬಾತಿಗೆ ರವೆ ಹುರಿದೆ, ಚಿತ್ರಾನ್ನಕ್ಕೆ ಅನ್ನ ಮಾಡಿ ಆರಲು ಹರಡಿದೆ. ಕಡೆಗೆ ಕೆಳಗಿನ ಮನೆಗೆ ಹೋಗಿ ಐದು ಕುರ್ಚಿ ಒರೆಸಿ, ಮೇಜಿನ ಮೇಲಿದ್ದ ಐದು ಕಪ್‌ಗಳನ್ನು ಮುಟ್ಟದೆ ಬಂದೆ.

ಮುಟ್ಟದೆ ಬಂದದ್ದೂ ಒಂದು ಕೆಲಸವಾ ಅಂತ ಯಾರಾದರೂ ಕೇಳಬಹುದು. ಅವತ್ತಿನ ಕೆಲಸಗಳಲ್ಲಿ ಅದೇ ಕಷ್ಟದ್ದಾಗಿತ್ತು.

ನಾವಿರುವುದು ಸ್ವೀಡನ್ನಿನ ನಾರ್‌ಶೋಪಿಂಗ್‌ನಲ್ಲಿ, ಹಳೆಯ ಹತ್ತಿ ಗಿರಣಿಗಳ ಹಿಂದಿನ ಬೀದಿಯಲ್ಲಿ. ಗಿರಣಿಗಳೊಳಗೆ ಈಗ ಕಾಲೇಜು, ಆಫೀಸು. ನಮ್ಮದು ಮೂರನೇ ಮಹಡಿ. ನಮ್ಮ ಅಡುಗೆಮನೆಯ ಕೆಳಗೆ ಸರಿಯಾಗಿ ಒಬ್ಬ ಮುದುಕಿಯ ಊಟದ ಕೋಣೆ. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ತೊಂಬತ್ತರ ಹತ್ತಿರದವರನ್ನು ಹಾಗೆ ಕರೆಯಲು ನನ್ನ ನಾಲಿಗೆ ಏಳಲಿಲ್ಲ. ‘ಅಜ್ಜಿ’ ಅಂದೆ. ಹಾಗೆಂದರೇನು ಅಂತ ಕೇಳಿದರು, ಹೇಳಿದೆ. “ಮಕ್ಕಳಿಲ್ಲದೆ ಮೊಮ್ಮಗಳು ಸಿಕ್ಕಿದಳು, ಇರಲಿ” ಎಂದರು. ನನಗೆ ಐವತ್ತಾಗಿದ್ದರೂ ಅವರಿಗೆ ನಾನು ‘ಮೇಲಿನ ಮನೆ ಹುಡುಗಿ’. ನಮ್ಮ ಮನೆಯ ಮಾತಿನಲ್ಲಿ ಅವರು ‘ಕೆಳಗಿನಜ್ಜಿ’.

ಅವರ ಪರಿಚಯವಾಗುವ ಮೊದಲೇ ಅವರ ಮನೆಯ ಸದ್ದು ಪರಿಚಯವಾಗಿತ್ತು. ಈ ಊರಿಗೆ ಬಂದ ಮೊದಲ ಚಳಿಗಾಲ. ಮಧ್ಯಾಹ್ನದ ಊಟದ ತಟ್ಟೆ ತೊಳೆಯುವಷ್ಟರಲ್ಲಿ ಕಿಟಕಿಯಾಚೆ ಕತ್ತಲೆ. ಪ್ರತಿ ಗುರುವಾರ ಆ ಕತ್ತಲೆ ಇಳಿಯುವ ಹೊತ್ತಿಗೆ ಕೆಳಗೆ ಸಾಸರ್ ಮೇಲೆ ಕಪ್ ಇಡುವ ಸದ್ದು. ಟಕ್. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಕುರ್ಚಿಗಳನ್ನು ಎಳೆಯುವ ಸದ್ದು, ಒಂದರ ಬೆನ್ನಿಗೇ ಒಂದು. ಆಮೇಲೆ ನೆಲಕ್ಕೆ ಕಿವಿಯಿಟ್ಟರೂ ಅರ್ಥವಾಗದಂಥ ಮಾತು. ಯಾರೋ ನೆಂಟರು ಬರುತ್ತಾರೆ ಅಂದುಕೊಂಡಿದ್ದೆ. ಒಂದು ದಿನ ಬೆಳ್ಳುಳ್ಳಿ ಬಿಡಿಸುತ್ತಾ ಕೂತಾಗ ಹೊಳೆಯಿತು: ಮೆಟ್ಟಿಲ ದೀಪ ಹೊತ್ತಿಕೊಂಡಿಲ್ಲ.

ನಮ್ಮ ಕಟ್ಟಡದಲ್ಲಿ ಯಾರೇ ಬಂದರೂ ಬೀದಿ ಬಾಗಿಲ ಹತ್ತಿರ ಗುಂಡಿ ಒತ್ತಬೇಕು. ಆಗ ಎಲ್ಲ ಮಹಡಿಯ ದೀಪವೂ ಹೊತ್ತಿ, ಟಿಕ್ ಟಿಕ್ ಅನ್ನುತ್ತಾ ಇದ್ದು, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ನಮ್ಮ ಬಾಗಿಲ ಮೇಲೊಂದು ಮಸುಕು ಗಾಜಿದೆ. ಯಾರು ಬಂದರೂ ನಮ್ಮ ಹಜಾರ ಹಳದಿಯಾಗಲೇಬೇಕು. ಗುರುವಾರ ಕುರ್ಚಿಗಳು ಸರಿಯುತ್ತಿದ್ದವು. ಹಜಾರ ಕತ್ತಲೆಯಾಗಿಯೇ ಇರುತ್ತಿತ್ತು.

ಯಜಮಾನರಿಗೆ ಹೇಳಿದೆ. “ಮೊದಲೇ ಬಂದು ಕೂತಿರ್ತಾರೆ ಬಿಡೇ” ಅಂದರು.

“ಯಾವಾಗ ಬಂದ್ರು? ಮಧ್ಯಾಹ್ನದಿಂದ ನಾನಿಲ್ಲೇ ಇದೀನಲ್ಲ.”

“ಹಾಗಾದ್ರೆ ಅವ್ರು ಹೋಗೋದೇ ಇಲ್ಲ ಅನ್ಸುತ್ತೆ.”

ತಮಾಷೆಗೆ ಅಂದದ್ದು. ನಗು ಬರಲಿಲ್ಲ.

ಆ ದೀಪಾವಳಿಗೆ ಒಂದು ಡಬ್ಬಿ ಚಕ್ಕುಲಿ ಹಿಡಿದುಕೊಂಡು ಕೆಳಗೆ ಹೋದೆ, ಸ್ವಲ್ಪ ಸ್ನೇಹಕ್ಕೆ, ಹೆಚ್ಚಿನದು ಕುತೂಹಲಕ್ಕೆ. ಮರುದಿನ ಡಬ್ಬಿ ವಾಪಸ್ ಬಂತು. ಖಾಲಿ ಕೊಟ್ಟಿರಲಿಲ್ಲ, ನಾಲ್ಕು ತುಂಡು ಸಕ್ಕರೆ ಹಾಕಿ ಕೊಟ್ಟಿದ್ದರು. ನಮ್ಮ ಕಡೆಯವರ ಹಾಗೆ. ಅವತ್ತೇ ಇವರು ನಮ್ಮವರು ಅನ್ನಿಸಿಬಿಟ್ಟಿತು. ಹೋಗಿ ಬರುವುದು ಶುರುವಾಯಿತು.

ಅವರು ಸ್ವೀಡನ್ನಿನವರಲ್ಲ, ಉತ್ತರ ಜರ್ಮನಿಯ ಒಂದು ಬಂದರಿನ ಊರಿನವರು. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಈ ಗಿರಣಿಗೆ ನೂಲು ಸುತ್ತುವ ಕೆಲಸಕ್ಕೆ ಬಂದ ಹುಡುಗಿ. ಪೆಟ್ಟಿಗೆಯಲ್ಲಿ ತಂದದ್ದು ಎರಡು ಜೊತೆ ಬಟ್ಟೆ, ಉದ್ದ ಕಾಲುಚೀಲಗಳಲ್ಲಿ ಸುತ್ತಿದ ಐದು ಕಪ್. ನೀಲಿ ಅಂಚಿನ ತೆಳ್ಳನೆಯ ಕಪ್‌ಗಳು. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತದೆ. ಅವರ ಅಜ್ಜಿಯವು.

ಆ ಅಜ್ಜಿ ಹರೆಯದಲ್ಲಿ ಊರಿನ ಮಹಿಳಾ ಸಂಘದ ಅಧ್ಯಕ್ಷೆಯಾಗಿದ್ದರಂತೆ. ಆಗ ಅವರ ರಾಜ್ಯದಲ್ಲಿ ಹೆಂಗಸರು ರಾಜಕೀಯದ ಸಭೆ ಸೇರುವಂತಿಲ್ಲ ಅಂತ ಕಾನೂನೇ ಇತ್ತು. ಸಭೆ ಅಂತ ಗೊತ್ತಾದರೆ ಪೊಲೀಸಿನವನು ಬಂದು ಎಬ್ಬಿಸಿ ಕಳಿಸಬಹುದು. ಅದಕ್ಕೆ ಕಾಫಿ. ಐದು ಜನ ಮುಖ್ಯ ಸದಸ್ಯರು ಗುರುವಾರ ಸಂಜೆ ಮೇಜಿನ ಸುತ್ತ ಕೂತು ಕಾಫಿ ಕುಡಿಯುವುದು. ಕಿಟಕಿಯಿಂದ ನೋಡಿದವನಿಗೆ ಕಾಣುವುದು ಹರಟೆ. ಒಳಗೆ ಗಿರಣಿ ಹುಡುಗಿಯರಿಗೆ ರಾತ್ರಿ ಶಾಲೆ, ಹೆಣ್ಣುಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳಿ ಅನ್ನುವ ಅರ್ಜಿ, ವೋಟಿನ ಹಕ್ಕು.

“ನಮ್ಮಮ್ಮನೂ ಮಹಿಳಾ ಸಮಾಜದ ಕಾರ್ಯದರ್ಶಿ ಆಗಿದ್ರು” ಅಂತ ನಾನು ಹೇಳಿದೆ. ಹಾಸನದಲ್ಲಿ, ಹೊಲಿಗೆ ಮೆಷಿನ್ನಿನ ಕ್ಲಾಸು, ಹಿಂದಿ ಪರೀಕ್ಷೆ, ಉಪ್ಪಿನಕಾಯಿ ಸ್ಪರ್ಧೆ. ಗಂಡಸರು ಅದಕ್ಕೆ ‘ಹರಟೆ ಸಮಾಜ’ ಅಂತಿದ್ದರು.

“ನಮ್ಮದಕ್ಕೂ ಹಾಗೇ ಏನೋ ಅಂತಿದ್ದರು” ಅಂದು ಅಜ್ಜಿ ನಕ್ಕರು. “ಅನ್ನಲಿ ಅಂತಲೇ ಬಿಟ್ಟಿದ್ದರು. ಹರಟೆ ಅಂದುಕೊಂಡವನು ಕಿವಿ ಕೊಡುವುದಿಲ್ಲ.”

ಆಮೇಲೆ ಆ ಕಾನೂನು ಹೋಯಿತು. ಊರೂರಿನ ಸಂಘಗಳು ಸೇರಿ ಇಡೀ ದೇಶಕ್ಕೆ ಒಂದು ಒಕ್ಕೂಟವಾಗಿತ್ತು. ಮೊದಲನೇ ಯುದ್ಧ ಮುಗಿದ ಮೇಲೆ ವೋಟೂ ಬಂತು. ಜನವರಿಯ ಚಳಿಯಲ್ಲಿ ಐದೂ ಜನ ಒಟ್ಟಿಗೆ ಹೋಗಿ ಸಾಲಿನಲ್ಲಿ ನಿಂತರಂತೆ. ಅವರಲ್ಲಿ ಕಾರ್ಯದರ್ಶಿ ಒಬ್ಬ ಯಹೂದಿ ಹೆಂಗಸು. ಸಂಘದ ಕಾಗದವೆಲ್ಲ ಬರೆಯುವವಳು. ಬೆರಳಿಗಂಟಿದ ಶಾಯಿ ಮುಚ್ಚಲು ಯಾವಾಗಲೂ ಬೂದು ಬಣ್ಣದ ಕೈಗವಸು, ಕಾಫಿ ಕುಡಿಯುವಾಗಲೂ ತೆಗೆಯುತ್ತಿರಲಿಲ್ಲ. ಇಷ್ಟು ಹೇಳಿ ಅಜ್ಜಿ ಮಾತು ನಿಲ್ಲಿಸುತ್ತಿದ್ದರು. ನಾನೂ ಕೆದಕಲಿಲ್ಲ.

ಗುರುವಾರದ ಸದ್ದಿನ ಗುಟ್ಟು ಇಷ್ಟೇ ಅಂತ ಸಮಾಧಾನ ಮಾಡಿಕೊಂಡೆ. ಅಜ್ಜಿಯೇ ಐದು ಕಪ್ ಜೋಡಿಸಿ, ಐದು ಕುರ್ಚಿ ಎಳೆದು, ತಮ್ಮ ಭಾಷೆಯಲ್ಲಿ ತಾವೇ ಮಾತಾಡಿಕೊಳ್ಳುತ್ತಾರೆ. ನಮ್ಮ ಕಡೆಯೂ ಹೋದವರಿಗೆ ಎಡೆ ಇಡುತ್ತೇವೆ, ಅದರಲ್ಲೇನಿದೆ. ಒಂದು ಮಾತ್ರ ಒಳಗೇ ಉಳಿಯಿತು. ವಾಕರ್ ಹಿಡಿದು ನಡೆಯುವ ಮುದುಕಿ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಹೋಗಲು ಹೊತ್ತು ಹಿಡಿಯಬೇಕು. ನನಗೆ ಕೇಳಿಸುತ್ತಿದ್ದ ಕುರ್ಚಿಗಳು ಹೆಚ್ಚುಕಡಿಮೆ ಒಟ್ಟಿಗೇ ಸರಿಯುತ್ತಿದ್ದವು.

ಈ ಚಳಿಗಾಲದ ಆರಂಭದಲ್ಲಿ ಅಜ್ಜಿ ಸ್ನಾನದ ಮನೆಯಲ್ಲಿ ಬಿದ್ದರು. ಮೂಳೆ ಮುರಿಯಲಿಲ್ಲ. ಆದರೆ ಮನೆಗೆಲಸದ ಸಹಾಯಕ್ಕೆ ಕೊಮ್ಮುನ್ ಕಡೆಯಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ಬರುತ್ತಿದ್ದ ಹುಡುಗಿ ಒಂದು ಗುರುವಾರ ಅವರು ಖಾಲಿ ಕುರ್ಚಿಗಳ ಜೊತೆ ಮಾತಾಡುವುದನ್ನು ನೋಡಿ ಆಫೀಸಿಗೆ ತಿಳಿಸಿದಳು. ಪಾಪ, ಅವಳದೇನೂ ತಪ್ಪಿಲ್ಲ. ವೃದ್ಧರ ವಸತಿಯಲ್ಲಿ ಒಂದು ಕೋಣೆ ಖಾಲಿಯಾಗಿದೆ, ಬಂದು ಮಾತಾಡುತ್ತೇವೆ ಅಂತ ಅಲ್ಲಿನ ಅಧಿಕಾರಿಣಿ ಫೋನ್ ಮಾಡಿದರು.

ಅಜ್ಜಿ ನನ್ನನ್ನು ಕರೆಸಿದರು.

“ಅಲ್ಲಿ ಒಂದು ಕೋಣೆ ಕೊಡುತ್ತಾರೆ. ಒಂದು ಹಾಸಿಗೆ, ಒಂದು ಕುರ್ಚಿ. ಇವರೆಲ್ಲ ಎಲ್ಲಿ ಕೂರಬೇಕು?”

“ನೀವು ಬೇಡ ಅಂದರೆ ಮುಗೀತು, ಅಜ್ಜಿ. ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ಕರಕೊಂಡು ಹೋಗೋ ಹಾಗಿಲ್ಲ. ಬರ್ಲಿ, ಗಟ್ಟಿಯಾಗಿ ಬೇಡ ಅನ್ನಿ. ನಾನೂ ಇರ್ತೀನಿ.”

“ಅನ್ನುತ್ತೇನೆ” ಎಂದರು. “ಈ ಮನೆಯಲ್ಲೇ ಸಾಯುತ್ತೇನೆ. ಮೇಜು ಹಾಕಿಯೇ ಸಾಯುತ್ತೇನೆ.”

ಅಧಿಕಾರಿಣಿ ಬರುವ ಬೆಳಗ್ಗೆ ರಜೆ ಹಾಕಿ ಬೇಗನೆ ಹೋದೆ. ಅಜ್ಜಿ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಮನೆ ನೀಟಾಗಿ ಕಂಡರೆ ಅರ್ಧ ಗೆದ್ದಂತೆ ಅಂತ ನೆಲ ಒರೆಸಿದೆ, ಗಿಡದ ಒಣ ಎಲೆ ಕಿತ್ತೆ. ಊಟದ ಮೇಜಿನ ಮೇಲೆ ಐದು ಕಪ್ ಸಾಲಾಗಿ ಕೂತಿದ್ದವು, ತಳದಲ್ಲಿ ಸಣ್ಣ ಧೂಳು. ತೊಳೆದೆ, ಒರೆಸಿದೆ, ಅವವುಗಳ ಸಾಸರ್ ಮೇಲೆ ಒಂದೊಂದಾಗಿ ಬೋರಲು ಹಾಕಿದೆ.

ಯೋಚಿಸಿ ಮಾಡಿದ್ದಲ್ಲ. ತೊಳೆದ ಲೋಟವನ್ನು ಬಾಯಿ ಮೇಲೆ ಮಾಡಿ ಇಟ್ಟರೆ ನಮ್ಮಮ್ಮ ಬಯ್ಯುತ್ತಿದ್ದಳು: “ಬೋರಲು ಹಾಕೇ, ಹಲ್ಲಿ ಬಿದ್ದೀತು.” ಈ ದೇಶದ ಮನೆಗಳಲ್ಲಿ ಹಲ್ಲಿ ಇಲ್ಲ. ಆದರೂ ಕೈ ಕೇಳಬೇಕಲ್ಲ.

ಅಜ್ಜಿ ವಾಕರ್ ತಳ್ಳಿಕೊಂಡು ಬಂದರು. ಮೇಜು ನೋಡಿದರು. ಕೂಗಲಿಲ್ಲ, ಬಯ್ಯಲಿಲ್ಲ. ನಿಂತಲ್ಲಿಂದಲೇ ಐದೂ ಕಪ್‌ಗಳನ್ನು ಬೆರಳು ಮಾಡಿ ಎಣಿಸಿದರು.

“ಯಾವಾಗ ಆಯಿತು?” ಎಂದರು.

“ಏನು ಅಜ್ಜಿ?”

ಅಜ್ಜಿ ಕುರ್ಚಿಯ ಅಂಚಿನಲ್ಲಿ ಕೂತು ಕೈ ಮಡಿಲಲ್ಲಿಟ್ಟುಕೊಂಡರು. ಅಷ್ಟರಲ್ಲಿ ಬಾಗಿಲ ಗಂಟೆ. ಅಧಿಕಾರಿಣಿ ಮೃದು ಮಾತಿನ ಹೆಂಗಸು, ಬೂಟು ಬಿಚ್ಚಿ ಸಾಕ್ಸಿನಲ್ಲಿ ಒಳಗೆ ಬಂದರು. ವಸತಿ ಎಷ್ಟು ಬೆಚ್ಚಗಿದೆ, ಊಟ ಎಷ್ಟು ಹೊತ್ತಿಗೆ, ಕಿಟಕಿಯಿಂದ ಹೊಳೆ ಕಾಣುತ್ತದೆ ಎಂದೆಲ್ಲ ಹೇಳಿದರು. ನಿಮಗೆ ಇಷ್ಟವಿದೆಯೇ ಅಂತ ಕೇಳಿದರು. ನಾನು ಅಜ್ಜಿಯ ‘ಬೇಡ’ಕ್ಕೆ ಕಾದೆ.

“ಹೌದು. ಬರುತ್ತೇನೆ.”

ನನಗೆ ನನ್ನ ಸ್ವೀಡಿಶ್ ಮೇಲೇ ಅನುಮಾನ ಬಂತು. ಅಧಿಕಾರಿಣಿಗೂ ಆಶ್ಚರ್ಯವಾಯಿತೇನೋ, ಇನ್ನೊಮ್ಮೆ ಕೇಳಿದರು. “ಬರುತ್ತೇನೆ” ಅಂದರು ಅಜ್ಜಿ, ಕಪ್‌ಗಳನ್ನೇ ನೋಡುತ್ತಾ. ಮುಂದಿನ ವಾರದ ಕೊನೆಗೆ ಕೋಣೆ ಸಿದ್ಧವಾಗುತ್ತದೆ, ಅಷ್ಟರೊಳಗೆ ಮನಸ್ಸು ಬದಲಾದರೆ ಒಂದು ಫೋನ್ ಮಾಡಿದರೆ ಸಾಕು ಅಂತ ಹೇಳಿ ಆಕೆ ಹೋದರು.

ಬಾಗಿಲು ಹಾಕಿ ಬಂದು ನಾನು ಗದರಿಸಿಯೇಬಿಟ್ಟೆ. “ಏನ್ ಮಾಡಿಬಿಟ್ರಿ ನೀವು!”

“ನಾನಲ್ಲ. ಅವರು ಮಾಡಿದರು.” ಮೇಜಿನ ಕಡೆ ತೋರಿಸಿದರು.

ಅವತ್ತು ಉಳಿದ ಕತೆ ಹೊರಗೆ ಬಂತು. ಕೈ ಎತ್ತಿ ಮತ ಹಾಕಿದರೆ ಕಿಟಕಿಯಿಂದ ಕಂಡೀತು ಅಂತ ಆ ಐವರು ಕಪ್‌ನಲ್ಲಿ ಮತ ಹಾಕುತ್ತಿದ್ದರಂತೆ. ಕುಡಿದು ಮುಗಿಸಿದ ಕಪ್ ನೆಟ್ಟಗಿಟ್ಟರೆ ಹೌದು. ಬೋರಲು ಹಾಕಿದರೆ ಇಲ್ಲ. ಕಾನೂನು ಹೋದ ಮೇಲೂ ಆ ರೂಢಿ ಉಳಿಯಿತು. ಮುಂದೆ ಕಂದು ಅಂಗಿಯ ನಾಜಿಗಳ ಕಾಲ ಬಂದಾಗ ಎಲ್ಲ ಸಂಘಗಳಿಗೂ ಒಂದೇ ಅಪ್ಪಣೆ: ಯಹೂದಿಗಳನ್ನು ತೆಗೆಯಿರಿ, ನಮ್ಮೊಳಗೆ ಸೇರಿ. ದೇಶದ ಒಕ್ಕೂಟ ತನ್ನನ್ನು ತಾನೇ ಮುಚ್ಚಿಕೊಂಡಿತು. ಇವರ ಊರಿನಲ್ಲಿ ಕಡೆಯ ಗುರುವಾರ ಐವರೂ ಕೂತರು. ಅಧ್ಯಕ್ಷೆ ಕೇಳಿದರು: ಹೀಗೆ ಮುಂದುವರಿಯೋಣವೇ? ಒಂದೊಂದೇ ಕಪ್ ಬೋರಲಾಯಿತು. ಕೈಗವಸಿನ ಕೈಯೂ ತನ್ನ ಕಪ್ ಬೋರಲು ಹಾಕಿತು.

“ಅವಳನ್ನು ಹೊರಗೆ ಹಾಕಲಿಲ್ಲ ಅಂತ ಉಳಿದವರೆಲ್ಲ ಸಮಾಧಾನಪಟ್ಟರಂತೆ” ಅಂದರು ಅಜ್ಜಿ. “ಆದರೆ ಮೇಜನ್ನೇ ತೆಗೆದುಬಿಟ್ಟರಲ್ಲ. ಆಮೇಲೆ ಯಾರೂ ಅವಳ ಮನೆಗೆ ಹೋಗಲಿಲ್ಲ. ಒಬ್ಬಳು ಹೊಸ ಸಂಘದ ಬಿಲ್ಲೆ ಚುಚ್ಚಿಕೊಂಡಳು. ಇಬ್ಬರು ಬೀದಿ ಬದಲಾಯಿಸಿ ನಡೆದರು. ನನ್ನ ಅಜ್ಜಿಗೆ ನಿದ್ದೆ ಬರಲಿಲ್ಲ. ಮತ್ತೆ ಗುರುವಾರ ಮೇಜು ಹಾಕತೊಡಗಿದಳು. ಐದು ಕಪ್, ಎಲ್ಲ ನೆಟ್ಟಗೆ. ಸಭೆ ಮುಗಿದಿಲ್ಲ ಅಂತ.”

“ಯಾರಾದ್ರೂ ಬಂದ್ರಾ?”

“ಒಬ್ಬಳೇ, ಒಂದೇ ಸಲ. ಯುದ್ಧದ ಕಾಲ. ನಾನು ಇಷ್ಟುದ್ದದವಳು.” ಮೇಜಿನಷ್ಟು ಎತ್ತರ ತೋರಿಸಿದರು. “ಹಿಂದಿನ ಬಾಗಿಲಿಂದ ಬಂದಳು. ಅವತ್ತು ಕೈಗವಸು ಇರಲಿಲ್ಲ. ಬೆರಳ ತುದಿ ನೀಲಿಯಾಗಿತ್ತು. ಕುಡಿದಳು. ಕಪ್ ನೆಟ್ಟಗಿಟ್ಟು ಎದ್ದುಹೋದಳು. ಆಮೇಲೆ ಅವಳ ಬೀದಿಯ ಯಹೂದಿಗಳನ್ನೆಲ್ಲ ರೈಲಿಗೆ ಹತ್ತಿಸಿದರು.”

ಆ ಅಧ್ಯಕ್ಷೆ ಅಜ್ಜಿ ಸಾಯುವ ಮೊದಲು ಮೊಮ್ಮಗಳಿಂದ, ಅಂದರೆ ನಮ್ಮ ಕೆಳಗಿನಜ್ಜಿಯಿಂದ, ಮಾತು ತೆಗೆದುಕೊಂಡಿದ್ದರು. ಕಪ್ ಬೋರಲಾಗಲು ಬಿಡಬೇಡ. ಅವಳು ಹೌದು ಅಂದುಹೋಗಿದ್ದಾಳೆ.

“ಅಜ್ಜಿ, ನಾನು ಕಣ್ರೀ ಬೋರಲು ಹಾಕಿದ್ದು. ನಮ್ಮನೇಲಿ ತೊಳೆದದ್ದನ್ನ ಹಾಗೇ ಇಡೋದು. ಹಲ್ಲಿ ಬೀಳುತ್ತೆ ಅಂತ.” ಹಲ್ಲಿಗೆ ಸ್ವೀಡಿಶ್‌ನಲ್ಲಿ ಏನೆನ್ನುತ್ತಾರೋ ಮರೆತು, ಗೋಡೆಯ ಮೇಲೆ ಬೆರಳು ಓಡಿಸಿ ತೋರಿಸಿದೆ.

ಅವರು ನನ್ನ ಬೆರಳನ್ನೇ ನೋಡಿದರು. ಆಮೇಲೆ ಬಲು ಮೆತ್ತಗೆ, ಮಗುವಿಗೆ ಹೇಳುವಂತೆ ಹೇಳಿದರು: “ಎಷ್ಟು ವರ್ಷದಿಂದ ಈ ಮನೆಗೆ ಬರುತ್ತಿದ್ದೀಯ. ಒಂದು ದಿನವೂ ಇದನ್ನು ಮುಟ್ಟಿರಲಿಲ್ಲ. ಇವತ್ತೇ ಯಾಕೆ ಮುಟ್ಟಿದೆ? ನನಗೆ ಕೈ ನಡುಗುತ್ತದೆ, ಅವರಿಗೆ ಕೈಯೇ ಇಲ್ಲ. ನಿನ್ನ ಕೈ ತೆಗೆದುಕೊಂಡರು.”

ಮನೆಗೆ ಬಂದು ಬಿಸಿನೀರಲ್ಲಿ ಕೈ ತೊಳೆದೆ. ಇನ್ನೊಮ್ಮೆ ತೊಳೆದೆ. ಆ ವಾರದ ಗುರುವಾರ ಕತ್ತಲಾದ ಮೇಲೆ ಕೆಳಗಿನಿಂದ ಸದ್ದು ಬರಲಿಲ್ಲ. ಅಷ್ಟು ವರ್ಷ ಯಾವ ಸದ್ದಿಗೆ ಹೆದರಿದ್ದೆನೋ ಅದು ಬರಲಿಲ್ಲವಲ್ಲ ಅಂತ ಹೆದರಿಕೆಯಾಯಿತು.

ಎರಡು ದಿನ ಹೇಗೋ ಕಳೆಯಿತು. ಅಜ್ಜಿ ಬಟ್ಟೆ ಮಡಚಿ ಪೆಟ್ಟಿಗೆಗೆ ಇಡುತ್ತಿದ್ದರು, ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಕಪ್‌ಗಳು ಬೋರಲಾಗಿಯೇ ಇದ್ದವು. ನಾನು ಎತ್ತಲು ಹೋದರೆ “ಬೇಡ” ಅನ್ನುತ್ತಿದ್ದರು, ಒಂದೇ ಮಾತು. ಬುದ್ಧಿ ಹೇಳಿ ಉಪಯೋಗವಿಲ್ಲ ಅಂತ ತಿಳಿಯಿತು. ಅವರ ಲೋಕದೊಳಗೇ ದಾರಿ ಹುಡುಕಬೇಕಿತ್ತು. ಆಗ ನೆನಪಾದದ್ದು ನಮ್ಮಮ್ಮನ ಮಹಿಳಾ ಸಮಾಜ. ಇಷ್ಟವಿಲ್ಲದ ತೀರ್ಮಾನವೊಂದು ಆಗಿಬಿಟ್ಟರೆ ಅಮ್ಮ ಕನ್ನಡಕ ಮೇಲೇರಿಸಿ ಒಂದೇ ಮಾತು ಹೇಳುತ್ತಿದ್ದಳು: “ಕೋರಂ ಇರಲಿಲ್ಲ. ಮತ್ತೆ ಸಭೆ ಕರೀರಿ.”

ಕೆಳಗೆ ಹೋಗಿ ಹೇಳಿದೆ. “ಅಜ್ಜಿ, ಆ ಮತ ನಡೆಯೋದಿಲ್ಲ. ಅಧ್ಯಕ್ಷರ ಜಾಗದವರು ನೀವು. ತಲೆ ಬಾಚ್ತಾ ಒಳಗಿದ್ರಿ. ಅಧ್ಯಕ್ಷರಿಲ್ಲದೆ ಮತ ಹೇಗೆ?”

ಬಟ್ಟೆ ಮಡಚುವ ಕೈ ನಿಂತಿತು.

“ಅದು ಸರಿ” ಎಂದರು. ಆಮೇಲೆ, “ಆದರೆ ಐವರು ಸೇರಿ ಮುಚ್ಚಿದ್ದು. ಐವರೂ ಸೇರಿಯೇ ತೆರೆಯಬೇಕು.”

ನನಗೆ ಫೋನ್ ಮಾಡಲು ಇಬ್ಬರೇ ಇದ್ದರು. ಒಬ್ಬಳು ಕುಂದಾಪುರದ ಕಡೆಯವಳು, ಗೋದಾಮಿನ ಆಫೀಸಿನಲ್ಲಿ ಕೆಲಸ, ಬಾಯಿ ಜೋರು. ಇನ್ನೊಬ್ಬಳು ಹುಬ್ಬಳ್ಳಿಯ ಚಿಕ್ಕ ಹುಡುಗಿ, ಮಗನನ್ನು ದಾಗಿಸ್‌ಗೆ, ಅದೇ ಇಲ್ಲಿನ ಶಿಶುವಿಹಾರಕ್ಕೆ, ಬಿಟ್ಟು ಮನೆಯಿಂದಲೇ ಕೆಲಸ ಮಾಡುತ್ತಾಳೆ. ಮೂವರೂ ಸೇರಿದರೆ ಬೆಂಗಳೂರು ಕನ್ನಡವೇ ಆಡುತ್ತೇವೆ. ಒಬ್ಬ ಅಜ್ಜಿಯ ಮನೆಗೆ ಕಾಫಿಗೆ ಬರಬೇಕು, ಅವರು ಹೇಳಿದ ಹಾಗೆ ಕಪ್ ಇಡಬೇಕು, ಇಲ್ಲವಾದರೆ ಅವರು ಮನೆ ಬಿಟ್ಟು ಹೋಗುತ್ತಾರೆ ಅಂದೆ. ಕತೆಯನ್ನೂ ಪೂರ್ತಿ ಹೇಳಿದೆ.

“ದೆವ್ವದ ಮೀಟಿಂಗಿಗೆ ಕೋರಂ ಸಾಲ್ದು ಅಂತ ನಮ್ಮನ್ನ ಕರೀತಿದೀಯಾ? ಒಳ್ಳೆ ಫ್ರೆಂಡು ಕಣೇ ನೀನು” ಅಂದಳು ಕುಂದಾಪುರದವಳು. ಆದರೂ ಬಂದಳು, ಮಲ್ಲಿಗೆ ಸಿಗದ ಊರಿನಲ್ಲಿ ಎಲ್ಲಿಂದಲೋ ಒಂದು ಗುಲಾಬಿ ತಗೊಂಡು.

ಹಾಗೆ ಆ ಗುರುವಾರ ಬಂತು, ಮೊದಲೇ ಹೇಳಿದೆನಲ್ಲ, ಅದೇ ಗುರುವಾರ. ಮರುದಿನ ಕೋಣೆ ಸಿದ್ಧವಾಗುವುದಿತ್ತು. ಕತ್ತಲೆ ಇಳಿಯುತ್ತಿತ್ತು. ಅಜ್ಜಿ ಕಪ್ಪು ಉಡುಪು ಹಾಕಿ ಮೇಜಿನ ತುದಿಗೆ ಕೂತಿದ್ದರು, ಹಿಂದೆ ಮುಚ್ಚಿದ ಪೆಟ್ಟಿಗೆ. ನಾವು ಮೂವರು ಕೂತೆವು. ಕಿಟಕಿಗೆ ಬೆನ್ನು ಮಾಡಿದ ಐದನೆಯ ಕುರ್ಚಿ ಖಾಲಿ. ಕುಡಿಯಲು ಬೇರೆ ಲೋಟಗಳಲ್ಲಿ ಕಾಫಿ, ಸಕ್ಕರೆ ಇಲ್ಲದ್ದು.

“ಅಜ್ಜಿ, ನಾವು ಈ ಸಂಘದ ಸದಸ್ಯರಲ್ಲವಲ್ಲ?” ಅಂತ ಹುಬ್ಬಳ್ಳಿಯವಳು ಕೇಳಿದಳು.

“ಕುಡಿದು ಮುಗಿಸಿದವರು ಸದಸ್ಯರು.”

“ಈ ಕಷಾಯ ಕುಡ್ಯೋದಕ್ಕಿಂತ ಚುನಾವಣೆಗೆ ನಿಲ್ಲೋದು ಸುಲಭ” ಅಂತ ಕುಂದಾಪುರದವಳು ಕನ್ನಡದಲ್ಲಿ ಗೊಣಗಿದಳು. ನಾವು ನಕ್ಕೆವು. ಏನು ಅಂತ ಅಜ್ಜಿ ಕೇಳಿದರು. ತುಂಬ ಚೆನ್ನಾಗಿದೆಯಂತೆ ಅಂದೆ.

ಅಜ್ಜಿ ಎರಡೂ ಕೈ ಮೇಜಿನ ಮೇಲಿಟ್ಟರು. ಮೊದಲು ಜರ್ಮನ್‌ನಲ್ಲಿ, ಆಮೇಲೆ ಸ್ವೀಡಿಶ್‌ನಲ್ಲಿ ಕೇಳಿದರು: “ಮುಂದುವರಿಯೋಣವೇ?”

ನಾನು ನನ್ನ ಮುಂದಿನ ಕಪ್ ಎತ್ತಿ ನೆಟ್ಟಗಿಟ್ಟೆ. ಟಕ್. ಮೇಲಿನಿಂದ ಕೇಳುತ್ತಿದ್ದ ಅದೇ ಸದ್ದು, ಈಗ ನನ್ನ ಕೈಯಿಂದ. ಕುಂದಾಪುರದವಳು ಇಟ್ಟಳು, ಹುಬ್ಬಳ್ಳಿಯವಳು ಇಟ್ಟಳು. ಅಜ್ಜಿಯ ಕೈ ನಡುಗಿ ಸಾಸರ್ ಗಲಗಲ ಅಂದಿತು, ಆದರೂ ಇಟ್ಟರು. ಐದನೆಯದು ಬೋರಲಾಗಿಯೇ ಇತ್ತು.

“ನಾನೇ ಎತ್ತಿಬಿಡ್ಲಾ?” ಅಂದಳು ಕುಂದಾಪುರದವಳು.

“ಅವಳ ಮತ ಅವಳದು” ಎಂದರು ಅಜ್ಜಿ. ಕಾದೆವು. ಎಷ್ಟು ಹೊತ್ತೋ ಗೊತ್ತಿಲ್ಲ. ಹೊರಗೆ ಟ್ರಾಮ್ ತಿರುಗುವ ಕಿರ್ ಸದ್ದು ಬಂದು ಹೋಯಿತು. ಕೊನೆಗೆ ಅಜ್ಜಿಯ ಭುಜ ಇಳಿಯಿತು. “ಸರಿ. ನೀವು ತಂದಿದ್ದನ್ನು ತಿನ್ನೋಣ. ತಟ್ಟೆ ಎಲ್ಲಿದೆ ಅಂತ ತೋರಿಸುತ್ತೇನೆ” ಅಂತ ವಾಕರ್ ಹಿಡಿದು ಎದ್ದರು. ಅವರ ಹಿಂದೆ ನಾವು ಮೂವರೂ ಅಡುಗೆಮನೆಗೆ ಹೋದೆವು. ಆ ಕೋಣೆಯಲ್ಲಿ ಒಬ್ಬಳೇ ಉಳಿಯಲು ಯಾರಿಗೂ ಮನಸ್ಸಿರಲಿಲ್ಲ, ಅದನ್ನು ಯಾರೂ ಹೇಳಲಿಲ್ಲ ಅಷ್ಟೇ.

ಕೇಸರಿಬಾತಿನ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಹುಬ್ಬಳ್ಳಿಯವಳು ಹಿಡಿದುಕೊಂಡಳು, ಕುಂದಾಪುರದವಳು ತಿರುಗಿಸಿದಳು, ನಾನು ತಟ್ಟೆ ಒರೆಸಿದೆ, ಅಜ್ಜಿ ಚಮಚ ಹುಡುಕಿದರು. ನಾಲ್ವರೂ ಅಲ್ಲೇ ಇದ್ದೆವು. ಅದನ್ನು ಆಮೇಲೆ ಎಷ್ಟು ಸಲ ಮನಸ್ಸಿನಲ್ಲೇ ಎಣಿಸಿ ನೋಡಿದ್ದೇನೆ.

ತಟ್ಟೆ ಹಿಡಿದು ಮೊದಲು ಹೊರಗೆ ಬಂದವಳು ಹುಬ್ಬಳ್ಳಿಯವಳು. ಬಾಗಿಲಲ್ಲೇ ನಿಂತಳು.

ಐದನೆಯ ಕಪ್ ನೆಟ್ಟಗಿತ್ತು. ಕುರ್ಚಿ ಮೇಜಿನಿಂದ ಸ್ವಲ್ಪ ಹಿಂದಕ್ಕೆ ಸರಿದಿತ್ತು, ಕೂತವರು ಈಗಷ್ಟೇ ಎದ್ದುಹೋದ ಹಾಗೆ.

“ಏನ್ರೀ ಅಕ್ಕಾ, ಹಿಂಗ್ಯಾಕ ಹೆದರಸ್ತೀರಿ?” ಅಂತ ಅವಳು ನನ್ನ ಕಡೆ ತಿರುಗಿದಳು. ನಾನು ಕುಂದಾಪುರದವಳ ಮುಖ ನೋಡಿದೆ.

“ನಾನಲ್ಲ ಮಾರಾಯ್ತಿ! ದೇವ್ರಾಣೆ ನಾನಲ್ಲ!”

ಹೆದರಿಕೆಯಾದರೆ ಊರಿನ ಮಾತು ತಾನಾಗೇ ಹೊರಗೆ ಬರುತ್ತದೆ. ಅದಕ್ಕೇ ಇಬ್ಬರನ್ನೂ ನಂಬಿದೆ.

ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ. ನಿಧಾನವಾಗಿ ತಮ್ಮ ಜಾಗಕ್ಕೆ ಬಂದು, ಐದೂ ಕಪ್‌ಗಳ ಮೇಲೆ ಕಣ್ಣಾಡಿಸಿ, ಫೋನ್ ಕೊಡು ಅಂದರು. ಕೊಮ್ಮುನ್ ಆಫೀಸಿನ ಹೊತ್ತು ಇನ್ನೂ ಮುಗಿದಿರಲಿಲ್ಲ.

“ನಾನು ಬರುವುದಿಲ್ಲ. ಇಲ್ಲೇ ಇರುತ್ತೇನೆ. ಸಭೆ ತೀರ್ಮಾನಿಸಿದೆ.” ಆ ಕಡೆಯಿಂದ ಏನೋ ಕೇಳಿದರು. ಅಜ್ಜಿ ಫೋನನ್ನು ನನ್ನ ಕೈಗಿಟ್ಟರು.

“ಯಾವ ಸಭೆ? ಅಲ್ಲಿ ಯಾರಾದರೂ ಇದ್ದಾರೆಯೇ?” ಅಂತ ಅಧಿಕಾರಿಣಿಯ ಮೃದು ಧ್ವನಿ.

ನನಗೆ ಇನ್ನೊಬ್ಬರ ವಿಷಯಕ್ಕೆ ಕೈ ಹಾಕಿ ಅಭ್ಯಾಸವಿಲ್ಲ. ಕಿಟಕಿಯ ಗಾಜಿನಲ್ಲಿ ಮೇಜು ಕಾಣುತ್ತಿತ್ತು, ಐದು ಬಿಳಿ ಕಪ್, ನಮ್ಮ ಮುಖಗಳು. ಎಷ್ಟು ಮುಖ ಅಂತ ಎಣಿಸಲು ಹೋಗಲಿಲ್ಲ.

“ಇದ್ದೀವಿ” ಅಂದೆ. “ಇಲ್ಲಿ ಪ್ರತಿ ಗುರುವಾರ ಹೆಂಗಸರ ಸಭೆ ಸೇರುತ್ತೆ. ನಾನು ಮೇಲಿನ ಮನೆಯವಳು, ಅದರ ಸದಸ್ಯೆ. ಅವರು ಒಬ್ಬರೇ ಇಲ್ಲ.”

ಒಳ್ಳೆಯದಾಯಿತು, ಒಂಟಿಯಾಗಿರುವುದೇ ನಮಗೆ ಚಿಂತೆಯಾಗಿತ್ತು, ಕೋಣೆ ಬೇರೆಯವರಿಗೆ ಕೊಡುತ್ತೇವೆ, ಸ್ನಾನದ ಮನೆಗೆ ಹಿಡಿಕೆ ಹಾಕಿಸೋಣ ಅಂದರು ಆಕೆ.

ಗೆಳತಿಯರು ಹೊರಟ ಮೇಲೆ ಕಪ್ ತೊಳೆಯಲು ಎದ್ದೆ. ಅಜ್ಜಿ ಬಿಡಲಿಲ್ಲ, ಸಿಂಕಿಗೆ ಒರಗಿ ನಿಂತು ತಾವೇ ತೊಳೆದರು. ನಮ್ಮಲ್ಲಿ ಯಾರೂ ಮುಟ್ಟದ ಐದನೆಯದನ್ನೂ ತೊಳೆದರು, ಅದರ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದರು, ಉಜ್ಜುತ್ತಲೇ ಇದ್ದರು.

“ಏನಾಗಿದೆ ಅದಕ್ಕೆ?”

“ಇವಳದಕ್ಕೆ ಯಾವಾಗಲೂ ಹೀಗೇ. ಶಾಯಿ ಬೇಗ ಹೋಗುವುದಿಲ್ಲ.”

ದೀಪ ಅವರ ಬೆನ್ನ ಹಿಂದಿತ್ತು. ನನಗೆ ಏನೂ ಕಾಣಲಿಲ್ಲ. ಹತ್ತಿರ ಹೋಗಿ ನೋಡಲೂ ಇಲ್ಲ. ತೊಳೆದದ್ದನ್ನು ಒಂದೊಂದಾಗಿ ತಂದು ನಾನೇ ಮೇಜಿನ ಮೇಲಿಟ್ಟೆ, ನೆಟ್ಟಗೆ.

ಅವತ್ತು ಅಜ್ಜಿಯನ್ನು ಒಬ್ಬರೇ ಬಿಡಲು ಮನಸ್ಸಾಗದೆ ಲಿಫ್ಟಿನಲ್ಲಿ ಮೇಲೆ ಕರಕೊಂಡು ಬಂದೆ. ಅವರ ಬಾಗಿಲಿಗೆ ನಾನೇ ಬೀಗ ಹಾಕಿದೆ, ಬೀಗದ ಕೈ ನನ್ನ ಸೆರಗಿನ ತುದಿಯಲ್ಲಿ ಕಟ್ಟಿಕೊಂಡೆ. ಯಜಮಾನರು ಬಂದು, “ಏನಜ್ಜಿ, ಗೆದ್ರಂತೆ” ಅಂದರು. “ಒಮ್ಮತ” ಎಂದರು ಅಜ್ಜಿ.

ಚಿತ್ರಾನ್ನ, ಮೊಸರನ್ನ, ಉಳಿದ ಕೇಸರಿಬಾತು. ಅಜ್ಜಿಗೆ ಹಸಿಮೆಣಸು ಆರಿಸಿ ತೆಗೆದುಕೊಟ್ಟೆ. ಎರಡನೇ ಸಲ ಹಾಕಿಸಿಕೊಂಡರು. ನಾನು ತಟ್ಟೆ ಎತ್ತುವಷ್ಟರಲ್ಲಿ ಸೋಫಾದಲ್ಲೇ, ಶಾಲು ಹೊದ್ದು, ಎಲ್ಲರಿಗಿಂತ ಮೊದಲು ಮಲಗಿದವರು ಅವರು. ಮಗುವಿನಂಥ ನಿದ್ದೆ, ಬಾಯಿ ಸ್ವಲ್ಪ ತೆರೆದಿತ್ತು.

ಯಜಮಾನರು ಮೊಸರಿನ ಪಾತ್ರೆ ಫ್ರಿಜ್ಜಿಗಿಡುತ್ತಾ ತಲೆ ವಾಲಿಸಿದರು. “ಕೆಳಗೆ ಯಾರೋ ಬಂದ ಹಾಗಿದೆ ಅಲ್ವಾ, ಕುರ್ಚಿ ಎಳೀತಿದಾರೆ” ಅಂದವರು, ಸೋಫಾ ಕಡೆ ನೋಡಿ ಸುಮ್ಮನಾದರು.

ಹಜಾರ ಕತ್ತಲೆಯಾಗಿತ್ತು. ಅಜ್ಜಿಯನ್ನು ಎಬ್ಬಿಸಲಿಲ್ಲ. ಲೋಟಗಳನ್ನು ತೊಳೆದೆ, ಒರೆಸಿದೆ, ಬಾಯಿ ಮೇಲೆ ಮಾಡಿ ಇಟ್ಟೆ. ಆಮೇಲೆ ಮಲಗಿದವರು ಯಜಮಾನರು. ಕಡೆಗೆ ನಾನು.